ದೇವರ ಮನೆಯ ಆರು ಪ್ಲೇಟುಗಳು

ಒರೆಸುವುದು ನನ್ನ ಚಟ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು. ನನಗೆ ಕೈಗೊಂದು ತುಂಡು ಬಟ್ಟೆ ಸಿಕ್ಕರೆ ಸಾಕು. ಬೇರೆಯವರ ಮನೆಗೆ ಹೋದಾಗಲೂ ಮಾತಾಡುತ್ತ ಮಾತಾಡುತ್ತ ಅವರ ಟೀಪಾಯಿ ಒರೆಸಿಬಿಟ್ಟಿರುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆನೆಂದು ನಾನು ಹೇಳಿಕೊಂಡರೆ, ಅದರಲ್ಲಿ ಅರ್ಧಕಾಲ ಕರಿಹಲಗೆ ಒರೆಸಿದ್ದೇ ಆಯಿತೆಂದು ನನ್ನ ಹೆಂಡತಿ ಶಾಂತಾ ತಿದ್ದುತ್ತಾಳೆ. ಇರಲಿ, ಯಾರಿಗೂ ತೊಂದರೆಯಿಲ್ಲದ ಚಟ ಎಂದು ನಾನೂ ನೆಮ್ಮದಿಯಾಗಿದ್ದೆ. ಸೇಡಂನಲ್ಲಿ ನಮ್ಮ ಮನೆಗೆ ಸ್ಲ್ಯಾಬ್ ಹಾಕಿಸುವವರೆಗೆ ಆ ನೆಮ್ಮದಿ ಇತ್ತು.

ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ನಮ್ಮ ಮನೆಯ ನೆಲವೂ ಕಲ್ಲು, ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ತೊಲೆಗಳ ಮೇಲೆ ಉದ್ದನೆಯ ಫರ್ಸಿ ಕಲ್ಲು ಹಾಸಿದರೆ ಮಾಳಿಗೆ ಮುಗಿಯಿತು. ಅಂದು ಸಂಜೆಯೇ ಅದರ ಕೆಳಗೆ ಚಾಪೆ ಬಿಚ್ಚಬಹುದು. ಮೇಲೇರಿಸುವ ಮೊದಲು ಒಂದೊಂದು ಫರ್ಸಿಯನ್ನೂ ತೊಳೆದು ಒರೆಸಿ ಕೊಡುವುದು ಮನೆಯವರ ಕೆಲಸ. ಕೆಳಮುಖವನ್ನೇ ತಾನೆ ಇನ್ನು ಸಾಯುವತನಕ ಮಲಗಿಕೊಂಡು ನೋಡಬೇಕಾದದ್ದು! ಮಾಳಿಗೆ ಎಂದರೆ ತೊಳೆದು ಹಾಕುವ ವಸ್ತು ಎಂಬುದು ನನ್ನ ತಲೆಯಲ್ಲಿ ಹಾಗೆ ಕೂತುಬಿಟ್ಟಿತ್ತು.

ಕಾಂಕ್ರೀಟಿನ ಸ್ಲ್ಯಾಬಿನ ಸಂಗತಿ ಬೇರೆ. ಅದು ಬರುವಾಗ ಗಂಜಿಯ ಹಾಗೆ ಬರುತ್ತದೆ, ಗಟ್ಟಿಯಾಗುವತನಕ ಅದನ್ನು ಯಾರಾದರೂ ಎತ್ತಿ ಹಿಡಿದಿರಬೇಕು. ಹಾಗೆ ಹಿಡಿದುಕೊಳ್ಳುವ ಏರ್ಪಾಡಿಗೇ ಸೆಂಟ್ರಿಂಗ್ ಎನ್ನುತ್ತಾರೆ. ನಮ್ಮ ಸೆಂಟ್ರಿಂಗ್ ಮೇಸ್ತ್ರಿ ಚಾಂದಸಾಬರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮನೆಯೊಳಗೆಲ್ಲ ಕಂಬ ನಿಲ್ಲಿಸಿ, ಅದರ ಮೇಲೆ ಕಬ್ಬಿಣದ ಪ್ಲೇಟು ಹರಡಿ, ಸಂದುಗಳಿಗೆ ಟೇಪು ಅಂಟಿಸಿ, ಕೊನೆಗೆ ಪ್ಲೇಟುಗಳಿಗೆಲ್ಲ ಲಾರಿಗಳಿಂದ ತೆಗೆದ ಸುಟ್ಟ ಆಯಿಲ್ ಬಳಿದು ಸಂಜೆ ಐದಕ್ಕೆ ಮನೆಗೆ ಹೋದರು. ನಾಳೆ ಸ್ಲ್ಯಾಬ್, ಯಾರೂ ಮೇಲೆ ಹತ್ತಬಾರದು ಎಂದೂ ಹೇಳಿ ಹೋದರು.

ನಾನು ಹತ್ತಿದೆ. ಸುಮ್ಮನೆ ನೋಡಲು ಹತ್ತಿದ್ದು. ಈಶಾನ್ಯ ಮೂಲೆಯಲ್ಲಿ ದೇವರ ಮನೆ. ಅದರ ಮೇಲಿನ ಆರು ಪ್ಲೇಟಿಗೂ ಯಾವುದೋ ಲಾರಿಯ ಹೊಟ್ಟೆಯಿಂದ ಬಂದ ಆ ಕರಿ ಎಣ್ಣೆ! ನಮ್ಮ ಮನೆದೇವರು ದಿನಾ ಇದರ ಕಲೆ ನೋಡುತ್ತ ಕೂರಬೇಕೆ ಎನ್ನಿಸಿತು. ಬಕೆಟ್ ನೀರು, ಸಾಬೂನಿನ ಪುಡಿ, ನನ್ನದೊಂದು ಹಳೆಯ ಪಂಚೆ ಮೇಲೆ ಹೋದವು. ಮುಕ್ಕಾಲು ಗಂಟೆಯಲ್ಲಿ ಆರೂ ಪ್ಲೇಟು ಮುಖ ನೋಡಿಕೊಳ್ಳುವಷ್ಟು ಹೊಳೆದವು. ಇಳಿದು ಬಂದಾಗ ಏನೋ ಪುಣ್ಯದ ಕೆಲಸ ಮಾಡಿದ ಸಮಾಧಾನ. ಪಂಚೆ ಯಾಕೆ ಕಪ್ಪಾಗಿದೆ ಎಂದು ಶಾಂತಾ ಕೇಳಿದ್ದಕ್ಕೆ ಸ್ಕೂಟರ್ ಒರೆಸಿದೆ ಎಂದೆ. ನನ್ನ ಬಗ್ಗೆ ಗೊತ್ತಿರುವವರು ಅದನ್ನು ನಂಬಲೇಬೇಕು.

ಮರುದಿನ ಕೂಲಿಯವರು ಕಬ್ಬಿಣದ ಸಲಾಕೆ ಹರಡಿದರು, ಪೂಜೆ ಮಾಡಿದೆವು, ಪದ್ಧತಿಯಂತೆ ಈಶಾನ್ಯ ಮೂಲೆಯಿಂದಲೇ ಕಾಂಕ್ರೀಟು ಬಿತ್ತು. ಚಾಂದಸಾಬರು ಕೆಳಗೆ ಮಿಕ್ಸರಿನ ಹತ್ತಿರ ಜಲ್ಲಿ ನೀರಿನ ಹದ ನೋಡುತ್ತಿದ್ದರು. ಅವರು ಮೇಲೆ ಬರುವಷ್ಟರಲ್ಲಿ ನನ್ನ ಆರು ಪ್ಲೇಟು ಮುಚ್ಚಿಹೋಗಿದ್ದವು.

ದಿನ ತುಂಬಿದ ಮೇಲೆ ಕಂಬ ಬಿಚ್ಚಿದರು. ಸುತ್ತಿಗೆಯಿಂದ ಒಂದೇಟು ತಟ್ಟಿದರೆ ಸಾಕು, ಪ್ಲೇಟುಗಳು ಸಲೀಸಾಗಿ ಬಿಟ್ಟು ಬಂದವು. ದೇವರ ಮನೆಗೆ ಬಂದಾಗ ಸುತ್ತಿಗೆ ಸೋತಿತು. ಹಾರೆ ಹಾಕಿ ಎಬ್ಬಿಸಿದಾಗ ಐದು ಪ್ಲೇಟು ಚಕ್ಕೆಚಕ್ಕೆಯಾಗಿ ಕಾಂಕ್ರೀಟನ್ನೂ ಕಿತ್ತುಕೊಂಡು ಕೆಳಗೆ ಬಂದವು. ಸಲಾಕೆ ಹೊರಗೆ ಕಂಡಿತು. ಆರನೆಯದು ಬರಲೇ ಇಲ್ಲ. ಪಕ್ಕದ ಮನೆಯ ಮಲ್ಲಣ್ಣ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಸಿಮೆಂಟಿನ ವಿಷಯದಲ್ಲಿ ನಮ್ಮ ಓಣಿಗೆ ಅವನ ಮಾತೇ ಕೊನೆ. ಅವನ ಮನೆಗೆ ಹಾಕಿಸಬೇಕಿದ್ದ ಸ್ಲ್ಯಾಬಿಗೂ ಚಾಂದಸಾಬರೇ ಎಂದು ಮಾತಾಗಿತ್ತು. ಬಂದು ತಲೆ ಎತ್ತಿ ನೋಡಿದ, ತಲೆ ಆಡಿಸಿದ, ತಾನು ಚಿತ್ತಾಪುರದಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತೇನೆ ಎಂದು ಎಲ್ಲರೆದುರೇ ಹೇಳಿ ಹೋದ. ಎಣ್ಣೆಯಿಲ್ಲದ ಕಬ್ಬಿಣಕ್ಕೆ ಕಾಂಕ್ರೀಟು ಅಂಟುತ್ತದೆ ಎಂದು ಅಷ್ಟರಲ್ಲಿ ವಿಜ್ಞಾನದ ಮಾಸ್ತರನಿಗೂ ಹೊಳೆದಿತ್ತು.

ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಚಾಂದಸಾಬರು ಒಬ್ಬರೇ ಬಂದು, ಏಣಿ ಹತ್ತಿ, ಕತ್ತು ಮೇಲೆ ಮಾಡಿಕೊಂಡು ಕಿತ್ತುಹೋದಲ್ಲಿ ಸಿಮೆಂಟು ತುಂಬತೊಡಗಿದರು. ನಾನು ಚಹಾ ಹಿಡಿದು ನಿಂತಿದ್ದೆ.

“ಮೂವತ್ತು ವರ್ಷ ಆತ್ರಿ ಸರ್, ನನ್ನ ಕೈಯಾಗ ಹಿಂಗ ಎಂದೂ ಆಗಿದ್ದಿಲ್ಲ,” ಎಂದರು. “ಆಯಿಲ್ ಎಲ್ಲಿ ಹಚ್ಚೀನಿ, ಎಲ್ಲಿ ಬಿಟ್ಟೀನಿ ತಿಳೀವಲ್ದು. ಕಣ್ಣು ಹೋಗ್ಯಾವ ಅನಸ್ತದ. ಇನ್ನ ಮುಂದ ಗುತ್ತಿಗಿ ಹಿಡಿಯೂದು ಬ್ಯಾಡ ಅಂತ ಮನ್ಯಾಗ ಹೇಳಿ ಬಂದೀನಿ.”

ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಒಬ್ಬ ಮನುಷ್ಯ ತನ್ನ ಕಣ್ಣನ್ನೇ ಅನುಮಾನಿಸಿ ಕಸುಬು ಬಿಡಲು ಹೊರಟಿದ್ದ, ನಾನು ಸಕ್ಕರೆ ಸಾಕೇ ಎಂದು ಕೇಳಲು ನಿಂತಿದ್ದೆ. ಬಕೆಟ್ಟಿನಿಂದ ಪಂಚೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ನಿಧಾನವಾಗಿ ಏಣಿ ಇಳಿದರು. ಬೈಯುತ್ತಾರೆಂದು ಕಾದೆ. ಎಷ್ಟು ಪ್ಲೇಟು ಎಂದು ಕೇಳಿದರು; ಆರು ಎಂದೆ. ಬೇರೆ ಎಲ್ಲೂ ಮುಟ್ಟಿಲ್ಲವಷ್ಟೆ ಎಂದರು, ಇಲ್ಲವೆಂದೆ. ಅಲ್ಲೇ ಸಿಮೆಂಟಿನ ಚೀಲದ ಮೇಲೆ ಕೂತು ಕಣ್ಣು ಒರೆಸಿಕೊಂಡರು. “ಹಂಗಾದ್ರ ಕಣ್ಣು ಛಲೋ ಅವ,” ಎಂದರು, ನನಗಲ್ಲ, ತಮಗೇ. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಮಲ್ಲಣ್ಣಗ ನೀವೇ ಹೇಳ್ರಿ ಸರ್,” ಎಂದರು.

ಹೇಳಿದೆ. ಮಲ್ಲಣ್ಣನ ಅಂಗಳದಲ್ಲಿ, ಅವನ ಮನೆಮಂದಿ, ಶಾಂತಾ, ಓಣಿಯ ನಾಲ್ಕು ಜನ ಎಲ್ಲರೆದುರು ನಿಂತು ಹೇಳಿದೆ. ಇಡ್ಲಿ ತಟ್ಟೆಗೆ ಎಣ್ಣೆ ಯಾಕೆ ಸವರುತ್ತಾರೆಂದು ಇಷ್ಟು ವರ್ಷ ತಿಂದವರಿಗೆ ಗೊತ್ತಾಗಲಿಲ್ಲವೇ ಎಂದು ಶಾಂತಾ ಕೇಳಿದಳು. ಮಲ್ಲಣ್ಣ ಚಿತ್ತಾಪುರದ ಮೇಸ್ತ್ರಿಗೆ ಬೇಡವೆಂದು ಅಲ್ಲಿಂದಲೇ ಫೋನು ಮಾಡಿದ. ಆರನೆಯ ಪ್ಲೇಟಿಗೆ ಬಿಳಿ ಬಣ್ಣ ಹೊಡೆಸಿ ಅಲ್ಲೇ ಇಟ್ಟುಕೊಂಡಿದ್ದೇವೆ. ದೇವರು ಇದುವರೆಗೆ ಏನೂ ಅಂದಿಲ್ಲ.

ಮೊನ್ನೆ ಮಲ್ಲಣ್ಣನ ಮನೆಯ ಪ್ಲೇಟಿಗೆ ಆಯಿಲ್ ಬಳಿಯುವ ದಿನ ಚಾಂದಸಾಬರು ಬೆಳಗ್ಗೆಯೇ ನಮ್ಮ ಮನೆಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ಬೇವಿನ ನೆರಳಲ್ಲಿ ಕುರ್ಚಿ ಹಾಕಿ, “ಇಲ್ಲೇ ಕುಂದ್ರಿ ಸರ್. ಸ್ಲ್ಯಾಬ್ ಬೀಳೂತನಕ ಏಳಬ್ಯಾಡ್ರಿ,” ಎಂದರು. ಎರಡು ದಿನ ಅಲ್ಲೇ ಕೂತೆ. ಊಟ ಶಾಂತಾ ತಂದುಕೊಟ್ಟಳು, ಸಂಜೆ ನನ್ನನ್ನು ಮನೆಗೆ ಬಿಡುವಾಗ ಚಾಂದಸಾಬರು ಏಣಿಯನ್ನೂ ಜೊತೆಗೆ ಒಯ್ದರು. ಎರಡನೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿ, ಈ ವಯಸ್ಸಿನಲ್ಲೂ ಸೈಟಿನ ಉಸ್ತುವಾರಿಯೇ ಎಂದು ಭಯಭಕ್ತಿಯಿಂದ ಕೇಳಿದ.

“ಏನ್ ಮಾಡೂದಪಾ,” ಎಂದೆ. “ನಾ ಕಣ್ಣ ಮುಂದ ಇರಲಿಲ್ಲಂದ್ರ ಮೇಸ್ತ್ರಿ ಕೆಲಸಾನೇ ಸುರು ಮಾಡಂಗಿಲ್ಲ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.