ಬೂದಿಯ ಕುಲಗೋತ್ರ

ಮನುಷ್ಯರ ಜಾತಿ ಕೇಳಿ ಬೈಸಿಕೊಂಡವರನ್ನು ನೀವು ಕಂಡಿರಬಹುದು. ಬೂದಿಯ ಜಾತಿ ಕೇಳಿ ಬೈಸಿಕೊಂಡವರನ್ನು ಕಂಡಿದ್ದೀರಾ? ಬೀಜಾಡಿಗೆ ಬನ್ನಿ, ನಮ್ಮ ಅತ್ತೆಯನ್ನು ತೋರಿಸುತ್ತೇನೆ. ಅಪ್ಪನ ತಂಗಿ. ಮುಂಬೈ ಕಡೆ ಕಸ ಸುಡುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಬೂದಿ ಪರೀಕ್ಷೆ ಮಾಡುತ್ತಲೇ ನಿವೃತ್ತರಾಗಿ ಊರಿಗೆ ಮರಳಿದವರು. ಮುಂಬೈಯಿಂದ ಬರುವವರು ಫ್ರಿಜ್ಜು, ಸೋಫಾ ತರುತ್ತಾರೆ. ಇವರು ತಂದದ್ದು ಬರೀ ಸಂಶಯ!

ಯಾವ ಬೂದಿ ಮುಟ್ಟಿದರೂ ಸರಿ, ಹೊರಗಿನ ಬಚ್ಚಲಲ್ಲಿ ಮಿಂದು ಸೀರೆ ಬದಲಿಸದೆ ಅತ್ತೆ ಹೊಸ್ತಿಲು ದಾಟುವುದಿಲ್ಲ. ಕೆಲಸದ ಕಾಲದ ಅಭ್ಯಾಸವಂತೆ. ಆಗ ಪುಟ್ಟ ಮಗಳು ಓಡಿ ಬಂದರೂ ಮೀಯುವ ತನಕ ಎತ್ತಿಕೊಳ್ಳುತ್ತಿರಲಿಲ್ಲವಂತೆ. ಸಾಲಿಗ್ರಾಮದ ಪುರೋಹಿತರೊಬ್ಬರು ಈ ಸ್ನಾನ ಕಂಡು, "ಈ ಕಾಲದಲ್ಲೂ ಇಷ್ಟ್ ಮಡಿಯಾ!" ಎಂದು ಕೈಮುಗಿದರು. ಅಷ್ಟರಲ್ಲಿ ಒಳಗಿನಿಂದ ಬಂಗುಡೆ ಮೀನು ಹುರಿಯುವ ವಾಸನೆ ಬಂತು. ಮುಗಿದ ಕೈ ಮೂಗಿಗೆ ಹೋಯಿತು.

ಕಿರಿಮಂಜೇಶ್ವರದ ನೆಂಟರಲ್ಲಿ ಸೀಮಂತದ ಊಟ. ಎಲೆಗೆ ಹರಿವೆ ಸೊಪ್ಪಿನ ಪಲ್ಯ ಬಿದ್ದದ್ದೇ ತಡ, ಅತ್ತೆಯ ದನಿ ಎದ್ದಿತು.

"ಹ್ವಾಯ್, ಈ ಹರಿವೆ ಗಿಡಕ್ಕ್ ಹಾಕಿದ್ದ್ ಯಾವ ಬೂದಿ?"

ಮನೆಯ ಯಜಮಾನರ ಮುಖ ಕೆಂಪಾಯಿತು. "ನೀವ್ ಉಂಬುಕೆ ಬಂದದ್ದಾ, ಜಪ್ತಿ ಮಾಡುಕೆ ಬಂದದ್ದಾ?"

ಪಕ್ಕದಲ್ಲಿದ್ದ ನನಗೆ ನಾಚಿಕೆಯಿಂದ ಎದ್ದು ಹೋಗಿಬಿಡೋಣ ಅನಿಸಿತು. ಹೋಗಲಿಲ್ಲ, ಪಾಯಸ ಬರುವುದಿತ್ತು.

ನಮ್ಮ ಕಡೆ ಬೂದಿ ಬೀಳದ ಹರಿವೆ ಹರಿವೆಯೇ ಅಲ್ಲ. ಅಲಸಂಡೆ ಬಳ್ಳಿಗೆ ಹುಳ ಕಂಡರೆ ಇಬ್ಬನಿ ಆರುವ ಮೊದಲೇ ಬೂದಿ ಉದುರಿಸಬೇಕು. ಆದರೆ ಅಡುಗೆಗೆ ಗ್ಯಾಸು, ಸ್ನಾನಕ್ಕೆ ಗೀಸರು ಬಂದ ಮೇಲೆ ಬೂದಿ ಎಲ್ಲಿಂದ ಬರಬೇಕು? ತೆಕ್ಕಟ್ಟೆಯಲ್ಲಿ ನನ್ನ ಅಮ್ಮ ಬೂದಿಗಾಗಿ ಮನೆಮನೆ ತಿರುಗುತ್ತಿದ್ದರು. ಅವರ ಹರಿವೆ ಎಂದರೆ ಕುಂದಾಪುರದ ಸಂತೆಯಲ್ಲಿ ಜನ ಕಾದು ನಿಂತು ಒಯ್ಯುತ್ತಾರೆ. ಅದು ಅಮ್ಮನ ಮರ್ಯಾದೆಯ ಪ್ರಶ್ನೆ. ಹಾಗಿರುವಾಗ ಕಸ ಸುಡುವ ಒಂದು ಖಾಸಗಿ ಘಟಕದ ಟೆಂಪೊ ಅಂಗಳಕ್ಕೇ ಬಂದು, "ಬೂದಿ ಬೇಕಾ? ಪುಕ್ಕಟೆ!" ಎಂದರೆ ಬಿಡುತ್ತಾರೆಯೇ?

"ಎಷ್ಟ್ ನಯ ಇತ್ತ್ ಕಾಣ್! ಒಂದ್ ಮಸಿ ಚೂರಿಲ್ಲೆ," ಎಂದು ಅಮ್ಮ ಗೋಣಿಯೊಳಗೆ ಕೈ ಹಾಕಿ ನಕ್ಕರು. ಸಂಜೆಯೊಳಗೆ ಹರಿವೆ ಸಾಲುಗಳೆಲ್ಲ ಬೆಳ್ಳಗಾದವು.

ಮರುದಿನ ಅತ್ತೆ ಬಂದರು. ಗೋಣಿಯ ಮೇಲಿದ್ದ ಘಟಕದ ಹೆಸರು ಕಂಡು ಅಂಗಳದಿಂದಲೇ ಕೂಗಿದರು: "ಅತ್ಗೆ, ಮುಟ್ಬೇಡಿ! ಕೈ ತೊಳ್ಕಣಿ!"

"ನಮ್ಮ್ ಅಜ್ಜಿ ಕಾಲದಿಂದ ಬೂದಿ ಹಾಕ್ತಾ ಇತ್ತ್. ಯಾರ್ ಸತ್ತಿರ್?" ಅಮ್ಮ ಸೊಂಟಕ್ಕೆ ಕೈಯಿಟ್ಟರು.

"ಅಜ್ಜಿ ಒಲಿಗೆ ತೆಂಗಿನ ಮಡ್ಲ್ ಹಾಕಿದ್ರ್ ಅತ್ಗೆ. ಬ್ಯಾಟ್ರಿ, ಪೈಪು, ಟಿವಿ ಹಾಕಿರ್ಲಿಲ್ಲೆ!"

ಆಮೇಲೆ ಪಾಠ ಸುರುವಾಯಿತು. ಕಸ ಉರಿದಾಗ ತಳದಲ್ಲಿ ಉಳಿಯುವುದು ಒಂದು ಬೂದಿ. ಹೊಗೆಯ ಜೊತೆ ಹಾರಿ ಫಿಲ್ಟರಿನಲ್ಲಿ ಸಿಕ್ಕಿಬೀಳುವುದು ಇನ್ನೊಂದು. ಅಮ್ಮ ಮೆಚ್ಚಿದ ಆ ನಯವಾದ ಹಾರುಬೂದಿಯಲ್ಲೇ ಸೀಸ, ಕ್ಯಾಡ್ಮಿಯಂ, ರಾಶಿ ಉಪ್ಪು. ಅದನ್ನು ತೊಳೆಯಬೇಕು, ತೊಳೆದ ನೀರನ್ನೂ ಶುದ್ಧ ಮಾಡಬೇಕು, ವಿಷ ಹೊರಗೆ ಜಿನುಗದಂತೆ ಮದ್ದು ಬೆರೆಸಿ ಸಿಮೆಂಟಿನಲ್ಲಿ ಗಟ್ಟಿ ಮಾಡಬೇಕು. ಪರೀಕ್ಷೆಯಲ್ಲಿ ಪಾಸಾದರೆ ಇಟ್ಟಿಗೆಗೋ ರಸ್ತೆಗೋ ಬಳಸಬಹುದು, ಇಲ್ಲದಿದ್ದರೆ ಭದ್ರವಾಗಿ ಹೂಳಬೇಕು. ಹರಿವೆಗೆ ಮಾತ್ರ ಯಾವ ಜನ್ಮದಲ್ಲೂ ಹಾಕಬಾರದು.

ಇಷ್ಟು ಹೇಳಿ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು, ಸಂತೆಗೆ ತಯಾರಾಗಿ ನಿಂತಿದ್ದ ಹರಿವೆಯನ್ನೆಲ್ಲ ಬೇರುಸಹಿತ ಕಿತ್ತರು! ಮೇಲ್ಮಣ್ಣನ್ನೂ ಕೆರೆದು ಗೋಣಿಗೆ ತುಂಬಿದರು. ಅಮ್ಮ ಜಗಲಿಯಲ್ಲಿ ಕುಳಿತು ಅತ್ತುಬಿಟ್ಟರು. "ಇನ್ ಈ ಮನಿ ಮೆಟ್ಲ್ ಹತ್ಬೇಡ," ಎಂದರು. ನನಗೂ ಸಿಟ್ಟು ನೆತ್ತಿಗೇರಿತ್ತು. ವಿಷವಾದರೇನು, ಹೇಳುವ ರೀತಿ ಬೇಡವೇ?

ಅತ್ತೆ ಒಂದು ಡಬ್ಬಿಗೆ ಆ ಬೂದಿ ತುಂಬಿ, ಅದರ ಬಾಯಿಗೆ ಬಟ್ಟೆ ಬಿಗಿದು, ಘಟಕಕ್ಕೆ ಹೊರಟರು. ಹಿರಿಯರು ಒಬ್ಬರೇ ಹೋಗಬಾರದೆಂದು ನಾನೂ ಬಸ್ಸು ಹತ್ತಿದೆ. ಕಂಡಕ್ಟರ್ ಬಟ್ಟೆ ಕಟ್ಟಿದ ಡಬ್ಬಿ ನೋಡಿದ. ಅವನ ಮುಖ ಮೆತ್ತಗಾಯಿತು. ಯಾರನ್ನೋ ಎಬ್ಬಿಸಿ ಅತ್ತೆಗೆ ಸೀಟು ಕೊಡಿಸಿದ.

"ಹೊಳಿಗೆ ಬೂದಿ ಬಿಡುಕೆ ಹೋಪ್ದಾ ಅಮ್ಮ? ಯಾರದ್ದ್?"

"ನಿಮ್ಮೂರ್ ಕಸದ್ದ್!"

ಪಾಪ, ಅವನು ಟಿಕೆಟ್ ಕೊಡುವುದನ್ನೂ ಮರೆತ.

ಘಟಕದ ಮ್ಯಾನೇಜರ್ ನಗುನಗುತ್ತಾ ಕುರ್ಚಿ ಕೊಟ್ಟರು. "ನಾವು ಬೂದಿಯನ್ನು ಮರುಬಳಕೆ ಮಾಡ್ತಿದ್ದೇವೆ ಮೇಡಂ. ರೈತರಿಗೆ ಉಚಿತ ಸೇವೆ."

ಕೇಳಿದಿರಾ? ಸೇವೆಯಂತೆ! ತೊಳೆಯುವ ಖರ್ಚು ಉಳಿಸಿ ಕಂಡವರ ಪಲ್ಯಕ್ಕೆ ಸೀಸ ಬಡಿಸುವುದಕ್ಕೆ ಮರುಬಳಕೆ ಎಂಬ ಹೆಸರು! ಅಷ್ಟು ಹೊತ್ತು ಅತ್ತೆಯ ಮೇಲಿದ್ದ ನನ್ನ ಸಿಟ್ಟು ಸೀದಾ ಆ ಮೇಜಿನಾಚೆಗೆ ಹೋಯಿತು.

ಅತ್ತೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ತೊಳ್ದಿರಿಯಾ? ಪರೀಕ್ಷೆ ಮಾಡ್ಸಿದ್ರಿಯಾ? ಇಲ್ಲೆ ಅಲ್ದಾ? ಹಾಂಗಾರೆ ನಿಮ್ಮ್ ಮನಿ ತೋಟಕ್ಕೂ ಒಂದ್ ಗೋಣಿ ಇಳ್ಸುವಾ?"

"ಅಯ್ಯೋ, ಬೇಡ ಬೇಡ!" ಎಂದುಬಿಟ್ಟರು ಮ್ಯಾನೇಜರ್.

ಬಾಯಿ ತಪ್ಪಿದ್ದು ತಿಳಿದು, ಕೂಡಲೇ ಫೋನ್ ಎತ್ತಿ ಟೆಂಪೊ ಕಳಿಸಲು ಹೇಳಿದರು. ಟೆಂಪೊ ಬಂದು ನಮ್ಮ ಅಂಗಳದ ಗೋಣಿಗಳನ್ನು, ಕೆರೆದ ಮಣ್ಣನ್ನು ಹೊತ್ತುಕೊಂಡು ಹೋಯಿತು. ಬೇರೆ ಮನೆಗಳ ಗೋಣಿಗಳಿಗಾಗಿ ಅತ್ತೆ ಇನ್ನೂ ಊರೂರು ಅಲೆದು ಬೈಸಿಕೊಳ್ಳುತ್ತಿದ್ದಾರೆ. ಅಮ್ಮ ಮಾತ್ರ ಅತ್ತೆಯೊಡನೆ ಮಾತು ಬಿಟ್ಟರು. ಹರಿವೆ ಸಾಲು ಬರಿದಾಗಿತ್ತು. ಸಂತೆಯಲ್ಲಿ ಕೇಳಿದವರಿಗೆ ಏನು ಹೇಳುವುದೆಂದು ತಿಳಿಯದೆ ಅಮ್ಮ ಸಂತೆಗೇ ಹೋಗಲಿಲ್ಲ.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ನಮ್ಮ ಅಂಗಳದಲ್ಲಿ ನಿಂತಿದ್ದರು. ಮೆಟ್ಟಿಲು ಹತ್ತಲಿಲ್ಲ. ಕಣ್ಣು ಹೊಗೆಗೆ ಕೆಂಪಾಗಿತ್ತು, ಕೈತುಂಬ ಮಸಿ. ಬೀಜಾಡಿಯ ಮನೆಯ ಗೀಸರು ಆರಿಸಿ, ಹಿತ್ತಿಲಲ್ಲಿ ಬಚ್ಚಲೊಲೆ ಹೂಡಿ, ದಿನವೂ ತೆಂಗಿನ ಮಡಲು ಉರಿಸಿ ಕೂಡಿಟ್ಟ ಬೂದಿಯನ್ನು ದೊಡ್ಡ ಡಬ್ಬಿಯಲ್ಲಿ ಹೊತ್ತು ತಂದಿದ್ದರು.

"ಬರೀ ಮಡ್ಲಿಂದ್, ಅತ್ಗೆ. ನಾನೇ ನಿಂತ್ ಸುಟ್ಟದ್ದ್. ಹರಿವೆ ಬಿತ್ತಿ," ಎಂದು ಡಬ್ಬಿ ಇಟ್ಟು, ಎಂದಿನಂತೆ ಬಚ್ಚಲಿನ ಕಡೆ ತಿರುಗಿದರು.

ಅಮ್ಮ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಮಸಿಯ ಚೂರುಗಳಿದ್ದವು. ಅವರು ಅಂಗಳಕ್ಕಿಳಿದು ಅತ್ತೆಯ ಆ ಕಪ್ಪು ಕೈಯನ್ನು ಹಿಡಿದುಕೊಂಡರು.

"ಇದ್ ಮನಿ ಬೂದಿ ಮಾರಾಯ್ತಿ. ಮೀವ್ದ್ ಎಂತ ಬ್ಯಾಡ. ಒಳ್ಗ್ ಬಾ."

ಅತ್ತೆ ಮೀಯದೆ ಹೊಸ್ತಿಲು ದಾಟಿದ್ದನ್ನು ನಾನು ಕಂಡದ್ದು ಅದೇ ಮೊದಲು.