ಚಂದ್ರಿ ತಿಂದ ಶಲ್ಯ

ಮೇಷ್ಟ್ರ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ತಾನು ಹೇಳಿದ್ದನ್ನು ತಾನೂ ಕೇಳಿಸಿಕೊಳ್ಳಬೇಕೆಂಬ ನಿಯಮ ಅಲ್ಲಿಲ್ಲ. ಪಾಂಡವಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಪ್ರತಿ ವರ್ಷವೂ ಸಮತೋಲಿತ ಆಹಾರದ ಪಾಠವನ್ನು ಬಹಳ ಆವೇಶದಿಂದ ಮಾಡುತ್ತಿದ್ದೆ. ಸುಣ್ಣದ ಅಂಶ ಕಡಿಮೆಯಾದರೆ ಏನಾಗುತ್ತದೆ, ರಂಜಕ ಕಡಿಮೆಯಾದರೆ ಏನಾಗುತ್ತದೆ ಎಂದು ಬೋರ್ಡಿನ ತುಂಬ ಬರೆದು, ಕೈಗೆ ಮೆತ್ತಿದ ಸೀಮೆಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡು, ಸಂಜೆ ಬಸ್ಸು ಹತ್ತಿ ಬಾಬುರಾಯನಕೊಪ್ಪಲಿನ ಮನೆಗೆ ಬರುತ್ತಿದ್ದೆ. ಮನೆಯ ಹಿತ್ತಲಲ್ಲಿ ನಮ್ಮ ಹಸು ಚಂದ್ರಿ ಗೋಡೆಯ ಸುಣ್ಣ ನೆಕ್ಕುತ್ತ ನಿಂತಿರುತ್ತಿತ್ತು. ಪಾಠಕ್ಕೂ ಹಸುವಿಗೂ ಏನಾದರೂ ಸಂಬಂಧವಿರಬಹುದೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಗೋಡೆ ಹಾಳಾಗುತ್ತಿದೆ ಎಂದು ಮಾತ್ರ ಹೊಳೆಯಿತು. ಹಗ್ಗವನ್ನು ಒಂದು ಮೊಳ ಗಿಡ್ಡ ಮಾಡಿದೆ.

ಚಂದ್ರಿ ನನ್ನ ಹೆಂಡತಿ ಶಾಂತಳ ತವರಿನಿಂದ ಬಂದ ಸೀಮೆಹಸು. ನಾಗಮಂಗಲದ ಕಡೆ ದೇವಲಾಪುರದ ಹತ್ತಿರ ನಮ್ಮ ಮಾವನವರಿಗೆ ಮಳೆ ನೆಚ್ಚಿದ ಹೊಲ. ಮಗು ಹುಟ್ಟಿದಾಗ ಮನೆಯ ಹಾಲಿರಲಿ ಎಂದು ಅದನ್ನು ಕಳಿಸಿದ್ದರು. ಅಲ್ಲಿ ಅದು ಬಯಲಲ್ಲಿ ಹತ್ತಾರು ಥರದ ಹುಲ್ಲು ಮೇಯ್ದು, ಸಂಜೆ ಹುರುಳಿ ಹೊಟ್ಟು, ಹಿಂಡಿ ತಿಂದು ಬೆಳೆದಿತ್ತು. ನಮ್ಮೂರಿಗೆ ಬಂದಾಗ ಮೈ ಹೊಳೆಯುತ್ತಿತ್ತು. ಬೀಳ್ಕೊಡುವಾಗ ಮಾವನವರು, “ಅಳಿಯಂದ್ರೇ, ಇದ್ಕೆ ಒಂದೀಟು ಹಿಂಡಿ ಬೂಸ ತಪ್ಪುಸ್ಬೇಡಿ” ಎಂದಿದ್ದರು. ನಾನು ಮನಸ್ಸಿನಲ್ಲೇ ನಕ್ಕೆ. ಪಾಪ, ಒಣಭೂಮಿಯವರು! ನಮ್ಮದು ನಾಲೆಯ ಸೀಮೆ. ಎತ್ತ ನೋಡಿದರೂ ಹಸಿರು. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದಾಗ ಸೋಗೆ ಬೇಕಾದಷ್ಟು ಸಿಗುತ್ತಿತ್ತು. ನಾನು ಹೊರೆಗಟ್ಟಲೆ ತಂದು ಸುರಿದೆ. ಸೋಗೆ ಇಲ್ಲದ ದಿನ ಭತ್ತದ ಹುಲ್ಲು. ಹೊಟ್ಟೆ ತುಂಬಿದ ಮೇಲೆ ಯಾವ ಹಸುವಿಗೆ ಏನು ಕೊರತೆ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಬರಬರುತ್ತ ಹಾಲು ಇಳಿಯಿತು. ಕೂದಲು ಒರಟಾಯಿತು. ಆಮೇಲೆ ಮಗುವಿನ ಲಂಗೋಟಿಗಳು ಕಾಣೆಯಾಗತೊಡಗಿದವು. ನಂತರ ನನ್ನ ಬನಿಯನ್ನು. ಪಕ್ಕದ ಮನೆಯ ನಿಂಗಮ್ಮ ನಡುಬೇಲಿಯ ಮೇಲೆ ಒಣಹಾಕಿದ್ದ ತನ್ನ ಟವಲು ಕಾಣೆಯಾದಾಗ ಬೀದಿಯಲ್ಲಿ ನಿಂತು, ಯಾರ ಹೆಸರನ್ನೂ ಹೇಳದೆ, ನಮ್ಮ ಮನೆಯ ಕಡೆಯೇ ನೋಡುತ್ತ ಶಾಪ ಹಾಕಿದಳು. ಒಂದು ಮಧ್ಯಾಹ್ನ ಶಾಂತ ಹಿತ್ತಲಿಗೆ ಹೋದಾಗ ಚಂದ್ರಿಯ ಬಾಯಿಂದ ಟವಲಿನ ಅಂಚು ಜೋತಾಡುತ್ತಿತ್ತು. ಕಳ್ಳ ಸಿಕ್ಕಿದ ಸಂತೋಷ ಶಾಂತಳಿಗಾದರೆ, ಕಳ್ಳ ಮೇಷ್ಟ್ರ ಮನೆಯದೇ ಎಂಬ ಸಂತೋಷ ನಿಂಗಮ್ಮನಿಗಾಯಿತು. ಆದರೂ ಆಕೆ ಒಳ್ಳೆಯ ಹೆಂಗಸು. “ಯಾರೋ ಕಣ್ ಆಕವ್ರೆ ಕಣವ್ವ, ಒಂದು ಕರೀ ದಾರ ಕಟ್ಟು” ಎಂದು ಸಲಹೆ ಕೊಟ್ಟಳು. ಶಾಂತ ಕಾಲಿಗೆ ಕಟ್ಟಿದಳು. ಚಂದ್ರಿ ಅದನ್ನೂ ತಿಂದಿತು.

ಈ ಸುದ್ದಿ ನನಗಿಂತ ಮೊದಲು ಸ್ಕೂಲು ಸೇರಿತು. ವಿಟಮಿನ್ನುಗಳ ಪಾಠದ ನಡುವೆ ಹಿಂದಿನ ಬೆಂಚಿನಿಂದ, “ಸಾ, ನಿಮ್ ಅಸ ಬನೀನು ತಿಂತದಂತೆ, ನಿಜ್ವಾ ಸಾ?” ಎಂಬ ಪ್ರಶ್ನೆ ಬಂತು. ಪಾಠಕ್ಕೆ ಸಂಬಂಧವಿಲ್ಲದ ಪ್ರಶ್ನೆ ಕೇಳಬಾರದೆಂದು ಗದರಿದೆ.

ಇಷ್ಟರಲ್ಲಿ ನನ್ನ ತಂಗಿ ಸುಮಿತ್ರಳಿಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಕೆ.ಆರ್. ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಅವನ ತಂದೆ ಪುಟ್ಟೇಗೌಡರು ಊರಿನ ಹತ್ತು ಜನಕ್ಕೆ ಬೇಕಾದ ಮನುಷ್ಯ. ಒಂದು ಭಾನುವಾರ ಅವರೆಲ್ಲ ಹೆಣ್ಣು ನೋಡಲು ಬಂದರು. ನಾವು ಮನೆಗೆ ಸುಣ್ಣ ಬಳಿಸಿದ್ದೆವು. ಮೈಸೂರಿನಿಂದ ಮೈಸೂರುಪಾಕು ತಂದಿದ್ದೆವು. ಹುಡುಗ ತಲೆ ಎತ್ತಲಿಲ್ಲ, ಸುಮಿತ್ರ ತಲೆ ತಗ್ಗಿಸಲಿಲ್ಲ. ಅಂದರೆ ಇಬ್ಬರಿಗೂ ಒಪ್ಪಿಗೆ. ಎಲ್ಲ ಸರಾಗವಾಗಿ ನಡೆದು, ಊಟಕ್ಕೆ ಮುಂಚೆ ಗೌಡರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಹೋದವರು ಜರಿಯಂಚಿನ ಶಲ್ಯವನ್ನು ತೆಗೆದು, ಒದ್ದೆಯಾಗದಿರಲೆಂದು ಕೊಟ್ಟಿಗೆಯ ಗೂಟಕ್ಕೆ ಹಾಕಿದರು.

“ಲೇ ಲೇ ಲೇ, ಬುಡ್ಲಾ! ಬುಡ್ಲಾ!” ಎಂಬ ಕೂಗು ಕೇಳಿ ನಾವೆಲ್ಲ ಓಡಿದಾಗ ಶಲ್ಯದ ಒಂದು ತುದಿ ಗೌಡರ ಕೈಯಲ್ಲಿತ್ತು, ಇನ್ನೊಂದು ತುದಿ ಚಂದ್ರಿಯ ಗಂಟಲಲ್ಲಿತ್ತು. ಮೈಯೆಲ್ಲ ಬಡಕಲಾಗಿದ್ದ ಹಸುವಿಗೆ ದವಡೆಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ ಕಾಣೆ. ಹುಡುಗ ಬಂದು ತಂದೆಯ ಸೊಂಟ ಹಿಡಿದು ಎಳೆದ. ನಾನು ಯಾರನ್ನು ಹಿಡಿದು ಎಳೆಯಬೇಕೆಂದು ತೋಚದೆ, “ಗೌಡ್ರೇ, ದಯವಿಟ್ಟು, ಗೌಡ್ರೇ” ಎನ್ನುತ್ತ ಸುತ್ತ ಓಡಾಡಿದೆ. ಪರ್ರೆಂದು ಶಲ್ಯ ಹರಿಯಿತು. ಗೌಡರ ಪಾಲಿಗೆ ಬಂದದ್ದು ಸಣ್ಣ ಭಾಗ.

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಹಸುವಿನ ಬೆನ್ನ ಮೇಲೆ ಕೈಯಾಡಿಸಿದರು, ಪಕ್ಕೆಯ ಎಲುಬು ಮುಟ್ಟಿದರು, ಆಮೇಲೆ ನನ್ನತ್ತ ತಿರುಗಿದರು.

“ಏನಾಕ್ತೀರಿ ಮೇಷ್ಟ್ರೇ ಇದ್ಕೆ?”

“ಹಸಿರು ಮೇವು ಗೌಡ್ರೇ. ಹೊಟ್ಟೆ ತುಂಬ.”

“ಯಾವ ಅಸುರು?”

“ಕಬ್ಬಿನ ಸೋಗೆ.”

“ಮತ್ತೆ?”

“ಭತ್ತದ ಹುಲ್ಲು.”

“ಮತ್ತೆ?”

ನಾನು ಬಹಳ ಯೋಚಿಸಿದೆ. “ನೀರು” ಎಂದೆ.

ಊಟವೇನೋ ಮಾಡಿದರು. ಆದರೆ ಹೊರಡುವಾಗ ಗೌಡರು ತಾಂಬೂಲ ಮುಟ್ಟಲಿಲ್ಲ. “ತಪ್ ತಿಳ್ಕಬೇಡಿ ಮೇಷ್ಟ್ರೇ. ಎಣ್ಣುಮಗು ಚೆನ್ನಾಗವ್ಳೆ. ಆದ್ರೆ ಕಟ್ಟಿದ್ ಅಸೀಗೆ ಏನ್ ಬೇಕು ಅಂತ ಗೊತ್ತಿಲ್ದಿರೋ ಮನೇಲಿ ಏನ್ ಮಾತುಕತೆ ಆಡಾದು? ಅದು ಬಟ್ಟೆ ತಿನ್ನಾದು ಬುಡ್ಲಿ, ಆಮ್ಯಾಕ್ ಬತ್ತೀನಿ” ಎಂದು ಉಳಿದ ಚೂರು ಶಲ್ಯವನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು. ಸುಮಿತ್ರ ಆವತ್ತು ನನ್ನೊಡನೆ ಆಡಿದ್ದು ಒಂದೇ ಮಾತು: “ಅಣ್ಣ, ನಿನ್ ಸೋಗೆ ನನ್ ಮದ್ವೇನೇ ಮೇಯ್ದ್‌ಬುಡ್ತು.”

ಮರುದಿನ ರಜೆ ಹಾಕಿ ಶ್ರೀರಂಗಪಟ್ಟಣದಿಂದ ಪಶುವೈದ್ಯರನ್ನು ಕರೆತಂದೆ. ಅವರು ಚಂದ್ರಿಯ ಕಣ್ಣು, ಬಾಯಿ, ಸಗಣಿ ಎಲ್ಲವನ್ನೂ ನೋಡಿ, ನಾನು ಹಾಕುತ್ತಿದ್ದ ಮೇವನ್ನೂ ನೋಡಿ, ಗೋಡೆ ನೆಕ್ಕುತ್ತಿತ್ತೇ ಎಂದು ಕೇಳಿದರು. ಹೌದೆಂದೆ.

“ಅದೇ ಮೊದಲ ಅರ್ಜಿ ಮೇಷ್ಟ್ರೇ, ನೀವು ನೋಡಲಿಲ್ಲ” ಎಂದರು. “ಹಾಲು ಕೊಡೋ ಹಸು ದಿನಾ ಮೈಯಿಂದ ಸುಣ್ಣ, ರಂಜಕ ಎಲ್ಲ ಹಾಲಿನ ಜತೆ ಕಳಕೊಳ್ತದೆ. ಬರೀ ಸೋಗೆ, ಹುಲ್ಲು ಹಾಕಿದರೆ ಅದು ವಾಪಸ್ಸು ಬರಲ್ಲ. ಸಾಲದ್ದಕ್ಕೆ ಸೋಗೆ ಇರೋ ಸುಣ್ಣಾನೂ ಮೈಗೆ ದಕ್ಕೋಕೆ ಬಿಡಲ್ಲ. ಜತೆಗೆ ಹೊಟ್ಟೇಲಿ ಜಂತು ಬೇರೆ. ಅದಕ್ಕೇ ಸಿಕ್ಕಿದ್ದೆಲ್ಲ ತಿನ್ನುತ್ತೆ. ನಿಮಗೆ ಮೂರು ಹೊತ್ತೂ ಬರೀ ಅನ್ನ ಹಾಕಿದ್ರೆ ಏನು ಮಾಡ್ತೀರಿ?”

“ಏನು ಮಾಡ್ತಾರೆ, ಉಪ್ಪಿನಕಾಯಿ ಜಾಡಿ ಖಾಲಿ ಮಾಡ್ತಾರೆ” ಎಂದು ಒಳಗಿನಿಂದ ಶಾಂತ ಹೇಳಿದಳು.

ಡಾಕ್ಟರು ನಗಲಿಲ್ಲ. ಒಳಗೆ ಹೋದ ಬಟ್ಟೆ ಗಂಟು ಕಟ್ಟಿದರೆ ಹಸು ಮೆಲುಕು ಹಾಕುವುದನ್ನೇ ನಿಲ್ಲಿಸುತ್ತದೆ, ಆಗ ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ, ಬದುಕಿದರೆ ಪುಣ್ಯ ಎಂದರು. ಶಾಂತ ಹೊಸಿಲಲ್ಲೇ ಕೂತುಬಿಟ್ಟಳು. ನನಗೂ ಆಗ ಮೊದಲ ಬಾರಿಗೆ ಶಲ್ಯ, ಸಂಬಂಧ ಎಲ್ಲ ಮರೆತುಹೋಗಿ ಹಸು ಒಂದೇ ಕಣ್ಣ ಮುಂದೆ ನಿಂತಿತು. ಆವತ್ತು ಸಾಯಂಕಾಲ ನಮ್ಮ ಮನೆಯವರೆಲ್ಲ, ನಿಂಗಮ್ಮನೂ ಸೇರಿ, ಚಂದ್ರಿಯ ಮುಂದೆ ಸಾಲಾಗಿ ಕೂತು ಅದರ ದವಡೆಯನ್ನೇ ನೋಡುತ್ತಿದ್ದೆವು. ಅದು ಮಲಗಿತ್ತು. ಬಾಯಿ ಅಲ್ಲಾಡಲಿಲ್ಲ. ಕತ್ತಲಾಗುತ್ತ ಬಂದಾಗ ಗಂಟಲಲ್ಲಿ ಏನೋ ಮೇಲೆ ಬಂದಂತಾಗಿ ನಿಧಾನವಾಗಿ ಮೆಲುಕು ಹಾಕತೊಡಗಿತು. “ಆಡ್ತು ಕಣವ್ವಾ, ಬಾಯಾಡ್ತು!” ಎಂದು ನಿಂಗಮ್ಮ ಕೂಗಿದಳು. ನುಂಗಿದ್ದು ಅವಳದೇ ಟವಲೆಂಬುದನ್ನು ಅವಳೂ ಮರೆತಿದ್ದಳು. ಸುಮಿತ್ರ ನನ್ನ ಮೇಲಿನ ಮುನಿಸು ಮರೆತು ಕಣ್ಣೊರೆಸಿಕೊಂಡಳು.

ಅಲ್ಲಿಂದ ಮುಂದೆ ಕೊಟ್ಟಿಗೆಯ ಆಡಳಿತ ಸುಮಿತ್ರಳ ಕೈಗೆ ಹೋಯಿತು. ಜಂತಿನ ಔಷಧಿಯಾಯಿತು. ಹಿಂಡಿ, ಗೋಧಿ ಬೂಸ, ತೌಡು, ಉಪ್ಪು, ಅದರ ಮೇಲೆ ಡಾಕ್ಟರು ಬರೆದುಕೊಟ್ಟ ಖನಿಜದ ಪುಡಿ. ಹಿತ್ತಲಲ್ಲಿ ಅಲಸಂದೆ ಬಿತ್ತಿದಳು. ಸೋಗೆಗೆ ಪೂರ್ತಿ ಬಹಿಷ್ಕಾರವಿಲ್ಲದಿದ್ದರೂ, ಊಟದಲ್ಲಿ ಅದರ ಸ್ಥಾನ ಮೂಲೆಗೆ ಸರಿಯಿತು. ಹುರುಳಿ ಹೊಟ್ಟು ತರುವ ಕೆಲಸ ನನ್ನದು. ದೇವಲಾಪುರದಿಂದ ಮೂಟೆ ಕಟ್ಟಿಸಿಕೊಂಡು ನಾಗಮಂಗಲದ ಬಸ್ಸಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಬರುವಾಗ ಮೂಟೆಯ ತೂತಿನಿಂದ ಹೊಟ್ಟು ಹಾರಿ ಬಸ್ಸಿನವರೆಲ್ಲ ಸೀನಿದರು. ಕಂಡಕ್ಟರು, “ಯಾರ್ರೀ ಅದು ಕಣ ಮಾಡ್ತಿರೋರು?” ಎಂದು ಕೂಗಿದ. ನಾನು ಕಿಟಕಿಯ ಆಚೆ ನೋಡಿದೆ. ಆದರೆ ನನ್ನ ತಲೆ, ಮೀಸೆ ಎಲ್ಲ ಹೊಟ್ಟಾಗಿದ್ದರಿಂದ ಸಾಕ್ಷಿ ಬೇರೆ ಬೇಕಾಗಲಿಲ್ಲ.

ವಾರಗಳು ಕಳೆದಂತೆ ಚಂದ್ರಿ ಗೋಡೆ ಬಿಟ್ಟಿತು. ಒಣಹಾಕಿದ ಬಟ್ಟೆಯ ಕೆಳಗೇ ಹಾದುಹೋದರೂ ಮೂತಿ ಎತ್ತಲಿಲ್ಲ. ಕೂದಲು ನುಣುಪಾಯಿತು. ಹಾಲು ಮೆಲ್ಲಗೆ ಏರಿತು. ಸುಮಿತ್ರ ನನ್ನನ್ನು ಎಸ್‌ಟಿಡಿ ಬೂತಿಗೆ ಅಟ್ಟಿ ಗೌಡರಿಗೆ ಫೋನು ಮಾಡಿಸಿದಳು. ಹೆಣ್ಣಿನ ಅಣ್ಣನಾದವನು ಗಂಡಿನ ತಂದೆಗೆ ಫೋನು ಮಾಡಿ, “ನಮ್ಮ ಹಸು ಈಗ ಬಟ್ಟೆ ತಿನ್ನುತ್ತಿಲ್ಲ” ಎಂದು ಹೇಳಬೇಕಾಗಿ ಬಂದದ್ದು ನಮ್ಮ ವಂಶದಲ್ಲಿ ನನಗೇ ಮೊದಲು. ಬೂತಿನವನು ಬಿಲ್ಲು ಹರಿಯುವುದನ್ನೇ ಮರೆತು ನನ್ನ ಮುಖ ನೋಡುತ್ತಿದ್ದ.

ಗೌಡರು ಬಂದರು. ಹೆಗಲ ಮೇಲೆ ಹೊಸ ಶಲ್ಯ. ಒಳಗೆ ಕೂರದೆ ನೇರ ಹಿತ್ತಲಿಗೆ ಹೋದರು. ಶಲ್ಯ ತೆಗೆದು ಚಂದ್ರಿಯ ಮೂತಿಯ ಮುಂದೆಯೇ ಹಿಡಿದರು. ಸುಮಿತ್ರ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಬಹಳ ದಿನ ಉಳಿಯಿತು. ಚಂದ್ರಿ ಶಲ್ಯ ಮೂಸಿತು. ಇನ್ನೊಮ್ಮೆ ಮೂಸಿತು. ಬುಸ್ಸೆಂದು ಉಸಿರು ಬಿಟ್ಟು ಅಲಸಂದೆ ಸೊಪ್ಪಿನ ಕಡೆ ತಿರುಗಿತು.

“ತಾಂಬೂಲ ತನ್ನಿ” ಎಂದರು ಗೌಡರು. “ಇದ್ನ ಯಾರ್ ನೋಡ್ಕಂಡಿದ್ದು?”

“ಸುಮಿತ್ರ” ಎಂದೆ.

“ಅಂಗಾರೆ ನಂದೂ ಒಂದೆಲ್ಡು ಅಸ ಅವೆ, ಅವ್ಕೂ ಒಳ್ಳೇ ಕಾಲ ಬಂತು” ಎಂದು ಮೊದಲ ಬಾರಿಗೆ ನಕ್ಕರು.

ಊಟಕ್ಕೆ ಕೂತಾಗ ಅವರ ಪಕ್ಕದ ಎಲೆ ನನ್ನದು. ನನಗೆ ಸೊಪ್ಪಿನ ಪಲ್ಯವೆಂದರೆ ಆಗುವುದಿಲ್ಲ. ಅಭ್ಯಾಸದಂತೆ ಅದನ್ನು ಎಲೆಯ ಅಂಚಿಗೆ ತಳ್ಳಿ, ಕಾಳನ್ನು ಇನ್ನೊಂದು ಅಂಚಿಗೆ ಸರಿಸಿ, ಅನ್ನ ತಿಳಿಸಾರು ಕಲಸಿಕೊಂಡೆ. ಗೌಡರು ನನ್ನ ಎಲೆಯನ್ನೂ ಕಡ್ಡಿಯಂಥ ನನ್ನ ತೋಳನ್ನೂ ನೋಡಿದರು. “ಅವ್ವಾ,” ಎಂದು ಬಡಿಸುತ್ತಿದ್ದ ಶಾಂತಳನ್ನು ಕರೆದು, “ಅಸ ಸರೋಯ್ತು. ಮೇಷ್ಟ್ರುನ್ನ ಯಾವಾಗ್ ಡಾಕುಟ್ರಿಗ್ ತೋರುಸ್ತೀರಿ?” ಎಂದರು.

ಎಲ್ಲರೂ ನಕ್ಕು ಮರೆತರು. ಶಾಂತ ನಕ್ಕಳು, ಮರೆಯಲಿಲ್ಲ. ಮಾರನೆಯ ದಿನದಿಂದ ನನ್ನ ತಟ್ಟೆಗೆ ನುಗ್ಗೆಸೊಪ್ಪು, ಹುರುಳಿಕಾಳು, ಎಳ್ಳಿನ ಚಟ್ನಿ ಸರದಿಯಂತೆ ಬೀಳತೊಡಗಿದವು. ಕೊಟ್ಟಿಗೆಗೂ ನನಗೂ ಒಂದೇ ಹೊತ್ತಿಗೆ ಬಡಿಸಿ, ಸ್ವಲ್ಪ ಹೊತ್ತಿನ ಮೇಲೆ ಬಂದು ಇಬ್ಬರದನ್ನೂ ನೋಡುತ್ತಾಳೆ. ಬಾನಿ ಖಾಲಿಯಾಗಿದ್ದರೆ ಚಂದ್ರಿಯ ಕತ್ತು ತುರಿಸಿ, “ನನ್ ಬಂಗಾರ” ಎನ್ನುತ್ತಾಳೆ. ನನ್ನ ತಟ್ಟೆ ಖಾಲಿಯಾಗಿದ್ದರೆ ಅದನ್ನು ಎತ್ತಿ ಅಡಿಯಲ್ಲಿ ಬಗ್ಗಿ ನೋಡುತ್ತಾಳೆ. ಸೊಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.