ಜರ್ಮನಿಯ ಪುಟ್ಟ ಊರುಗಳೂ ಟೆಕ್ಸಸ್ಸಿನ ನಾವೂ

ನಾವು ಎಲ್ಲಿಗೇ ಟೂರ್ ಹೋಗಿ ಬಂದರೂ ಆಮೇಲೆ ನೆನಪಲ್ಲಿ ಉಳಿಯೋದು ನೋಡಿದ ಜಾಗಗಳಲ್ಲ, ಅಲ್ಲಿ ನಾವು ಪಟ್ಟ ಪಾಡು. ಇದು ಯಾಕೆ ಹೀಗೆ ಅಂತ ನಾನು ಕೇಳೋದನ್ನ ಬಿಟ್ಟು ಬಹಳ ಕಾಲವಾಯಿತು.

ಕಳೆದ ಬೇಸಿಗೆ ರಜೆಯಲ್ಲಿ ಜರ್ಮನಿಗೆ ಹೋಗೋಣ ಅಂದವರು ನಮ್ಮ ಮನೆಯವರು. ದೊಡ್ಡ ಸಿಟಿ ಒಂದೂ ಬೇಡ, ವ್ಯಾನ್ ಬಾಡಿಗೆಗೆ ತಗೊಂಡು ಬರೀ ಚಂದದ ಪುಟ್ಟ ಪುಟ್ಟ ಊರುಗಳನ್ನೇ ಸುತ್ತಬೇಕು ಅನ್ನೋದು ಅವರ ಆಸೆ. ಅದರಲ್ಲಿ ತಪ್ಪೇನಿಲ್ಲ. ನಾವಿರೋ ಟೆಕ್ಸಸ್ಸಿನ ಫ್ರಿಸ್ಕೋದಲ್ಲಿ ಬೀದಿಗೆ ಬೀದಿಯೇ ಒಂದೇ ಅಚ್ಚಿನ ಮನೆಗಳು. ಪಕ್ಕದವರ ಗ್ಯಾರೇಜ್ ಮುಂದೆ ಕಾರು ನಿಲ್ಲಿಸಿಕೊಂಡು, ಬಾಗಿಲು ತೆಗೀತಿಲ್ಲ, ರಿಮೋಟ್ ಕೆಟ್ಟಿದೆ ಅಂತ ನನಗೆ ಫೋನ್ ಮಾಡಿದ ಮನುಷ್ಯ ಅವರು.

ಹೊರಟಿದ್ದು ನಾನು, ನಮ್ಮ ಮನೆಯವರು, ಹೈಸ್ಕೂಲಿನ ಮಗಳು, ಆಗ ಮೈಸೂರಿಂದ ಬಂದಿದ್ದ ನಮ್ಮ ಅತ್ತೆ, ಜೊತೆಗೆ ಹೂಸ್ಟನ್ ಹತ್ತಿರದ ಕೇಟಿಯಲ್ಲಿರೋ ಧಾರವಾಡದ ಗಂಡ ಹೆಂಡತಿ. ಆತ ನಮ್ಮ ಮಗಳ ಬಾಯಲ್ಲಿ ಕೇಟಿ ಅಂಕಲ್. ಆಕೆಯನ್ನ ನಾನು ಅವರ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಅಂತ ಕರೀತೀನಿ. ಇನ್ನು ಆಸ್ಟಿನ್ನಿನಲ್ಲಿ ನಮ್ಮ ಮನೆಯವರ ಹಳೇ ಕ್ಲಾಸ್‌ಮೇಟ್ ಒಬ್ಬರು ಡಾಕ್ಟರಿದ್ದಾರೆ. ಅವರಿಗೆ ರಜೆ ಸಿಗಲಿಲ್ಲ. ಸಲಹೆ ಕೊಡೋದಕ್ಕೆ ಮಾತ್ರ ಸದಾ ಬಿಡುವು.

ಬ್ಯಾಡ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡೋದು. ನಮ್ಮ ಮನೆಯವರು ವಾರಗಟ್ಟಲೆ ಕೂತು ಊರುಗಳನ್ನ ಆರಿಸಿ ಹೆಸರುಗಳನ್ನ ಗುಂಪಿಗೆ ಹಾಕಿದರು. ಉಳಿದುಕೊಳ್ಳೋಕೆ ಮನೆ ಬುಕ್ ಮಾಡೋ ಹೊಣೆ ಕೇಟಿ ಅಂಕಲ್‌ದು.

ಆಮೇಲೆ ನೋಡಿದರೆ, ನಮ್ಮ ಮನೆಯವರು ಬಹಳ ಇಷ್ಟಪಟ್ಟಿದ್ದ ಊರುಗಳನ್ನೇ ಅಂಕಲ್ ಬುಕ್ ಮಾಡಿರಲಿಲ್ಲ. ಇವರು ಬೇಜಾರಲ್ಲಿ ವಿಡಿಯೋ ಕಾಲ್ ಮಾಡಿದರು.

"ಏನ್ ಸಾರ್, ಬಾಡ್ ವಿಂಪ್‌ಫೆನ್ ಬಿಟ್ಟೇಬಿಟ್ರಿ? ಬಾಡ್ ಉರಾಖ್ ಕೂಡ ಇಲ್ಲ?"

"ಏ, ನೀವ ಬ್ಯಾಡ ಅಂತ ಬರದೀರಲ್ರೀ!" ಅಂದರು ಅಂಕಲ್. "ವಿಂಪ್‌ಫೆನ್ ಬ್ಯಾಡ, ಉರಾಖ್ ಬ್ಯಾಡ. ಬ್ಯಾಡಾದ ಊರಿನ ಹೆಸರರ ಯಾಕ ಬರೀತಾರಿವರು ಅಂತ ನಾನೂ ವಿಚಾರ ಮಾಡಿದೆ. ಆದರ ಹಿರಿಯರು, ಕೇಳೂದು ಹ್ಯಾಂಗ ಅಂತ ಸುಮ್ನಾದೆ."

ಬಿ ಎ ಡಿ ಅಂತ ಊರಿನ ಹೆಸರ ಮುಂದೆ ಇದ್ದದ್ದನ್ನ ಧಾರವಾಡದ ಕಣ್ಣು 'ಬ್ಯಾಡ' ಅಂತಲೇ ಓದಿತ್ತು. ಸೋಫಾದಲ್ಲಿ ಕೂತಿದ್ದ ಅತ್ತೆ, "ಊರಿನೋರೇ ಬ್ಯಾಡ್ ಅಂತ ಬೋರ್ಡ್ ಹಾಕ್ಕೊಂಡಿದ್ದಾರೆ ಅಂದ್ರೆ ಏನೋ ಇರ್ಬೇಕು ಕಣೋ" ಅಂದರು.

"ಅಮ್ಮಾ, ಅದು ಬ್ಯಾಡ್ ಅಲ್ಲ, ಸ್ನಾನದ ಊರು ಅಂತ. ಜರ್ಮನ್‌ನಲ್ಲಿ ಅದನ್ನ ಬಾಡ್ ಅಂತಾರೆ, ಬಾಡ್!" ಅಂದರು ನಮ್ಮ ಮನೆಯವರು.

ಮಾಂಸವಿರಲಿ, ಈರುಳ್ಳಿಯನ್ನೂ ಬಿಟ್ಟಿರೋ ನಮ್ಮ ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. "ಬಾಡಾ? ಶಿವ ಶಿವಾ! ಹಂಗಾದ್ರೆ ಬ್ಯಾಡವೇ ಬ್ಯಾಡ!"

ಬವೇರಿಯಾಕ್ಕಿಂತ ಸ್ವಲ್ಪ ಕೆಳಗೆ

ಅಷ್ಟರಲ್ಲಿ ಆಸ್ಟಿನ್ ಡಾಕ್ಟರು ಒಂದು ಫೋಟೋ ಕಳಿಸಿದರು. ಕಲ್ಲಿನ ಚರ್ಚು, ಕಿಟಕಿ ತುಂಬ ಹೂವು, ಬೇಕರಿ ಮುಂದೆ ಜರ್ಮನ್ ಅಕ್ಷರ. "ಇದೊಂದು ಊರು ಬಿಟ್ರೆ ಜರ್ಮನಿ ನೋಡಿದ ಹಾಗೇ ಅಲ್ಲ" ಅಂತ ಕೆಳಗೆ ಬರೆದಿದ್ದರು. ಎಲ್ಲರಿಗೂ ಇಷ್ಟವಾಯಿತು. ಮಗಳು ಫೋಟೋವನ್ನ ಹುಡುಕಿ ನೋಡಿ ಡಾಕ್ಟರಿಗೆ ಹೇಳಿದಳು: "ಅಂಕಲ್, ದಿಸ್ ಈಸ್ ಇನ್ ಟೆಕ್ಸಸ್. ಇಟ್ಸ್ ಲೈಕ್, ನೈಂಟಿ ಮಿನಿಟ್ಸ್ ಫ್ರಮ್ ಯುವರ್ ಹೌಸ್."

ಹಿಂದೆ ಜರ್ಮನಿಯಿಂದ ಬಂದವರು ಕಟ್ಟಿದ ಊರಂತೆ. ಡಾಕ್ಟರು ಸೋಲಲಿಲ್ಲ. "ಗೊತ್ತು ಗೊತ್ತು. ಮೊದಲು ಇಲ್ಲಿ ಪ್ರಾಕ್ಟೀಸ್ ಮಾಡ್ಕೊಳ್ಳಿ ಅಂತಲೇ ಕಳಿಸಿದ್ದು" ಅಂದರು.

ಆ ಶನಿವಾರವೇ ಹೋದೆವು. ನಮ್ಮ ಮನೆಯವರು ಆಫೀಸಿಗೆ ಹೋಗ್ತಾ ಬರ್ತಾ ಕಾರಿನಲ್ಲಿ ಕೇಳಿ ಕೇಳಿ ಜರ್ಮನ್ ಕಲಿತಿದ್ದರು. ಬೇಕರಿ ಹೊಕ್ಕವರೇ ಗಲ್ಲಾದ ಹತ್ತಿರ ನಿಂತಿದ್ದ ವಯಸ್ಸಾದ ಹೆಂಗಸಿಗೆ ಜರ್ಮನ್‌ನಲ್ಲಿ ನಮಸ್ಕಾರ ಹೇಳಿ, ಆ್ಯಪಲ್ ಕೇಕ್ ಕೇಳಿದರು.

ಆಕೆಗೆ ಜರ್ಮನ್ ಬರುತ್ತಿರಲಿಲ್ಲ, ಆದರೆ ಚಿಕ್ಕಂದಿನಲ್ಲಿ ಕೇಳಿದ ನೆನಪಿತ್ತು. ಕಣ್ಣಲ್ಲಿ ನೀರೇ ಬಂತು. "ನಮ್ಮಜ್ಜ ಹೀಗೇ ಮಾತಾಡ್ತಿದ್ದರು! ನೀವು ಜರ್ಮನಿಯವರಾ?"

ಅಲ್ಲ ಅನ್ನಬೇಕಿತ್ತು. ಆದರೆ ತಮ್ಮ ಜರ್ಮನ್ನನ್ನ ಮೊದಲ ಸಲ ಒಬ್ಬರು ಜರ್ಮನ್ ಅಂತ ಗುರುತಿಸಿದ ಖುಷಿಯಲ್ಲಿ ಇವರ ಬಾಯಿಂದ "ಯಾ" ಅಂತ ಬಂದುಬಿಟ್ಟಿತು. ಆಕೆ ಒಳಗಿನಿಂದ ಎಲ್ಲರನ್ನೂ ಕರೆದರು. ಕೈತುಂಬ ಮೈದಾ ಮೆತ್ತಿಕೊಂಡೇ ಆಕೆಯ ಗಂಡ ಬಂದರು. ಕೇಕಿನ ಜೊತೆ ಬಿಸ್ಕತ್ತೂ ಬಂತು. ನಾನು ನೆಲ ನೋಡ್ತಾ ನಿಂತೆ. ಮಗಳು ನಮಗೂ ಅವಳಿಗೂ ಸಂಬಂಧವಿಲ್ಲದ ಹಾಗೆ ಬಾಗಿಲ ಹೊರಗೆ ಹೋದಳು.

ಆಕೆ ಕೊನೆಗೆ ಅತ್ತೆಯ ಕೈ ಹಿಡಿದು ಯಾವ ಊರು ಅಂತ ಕೇಳಿದರು. ಅಷ್ಟು ಇಂಗ್ಲಿಷ್ ಅತ್ತೆಗೆ ಅರ್ಥವಾಗುತ್ತೆ. "ಮೈಸೂರ್" ಅಂದರು ಗಟ್ಟಿಯಾಗಿ.

"ಮೈಸೂರ್! ಎಷ್ಟು ಚಂದದ ಹೆಸರು. ಅದು ದಕ್ಷಿಣದ ಬವೇರಿಯಾದಲ್ಲಿ ಬರುತ್ತಾ?"

ನಮ್ಮ ಮನೆಯವರು ಹಣೆ ಒರೆಸಿಕೊಂಡು ಹೇಳಿದರು: "ಅಲ್ಲಿಂದ ಸ್ವಲ್ಪ ಕೆಳಗೆ."

ಓಣಿಯಲ್ಲಿ ವ್ಯಾನು

ಜರ್ಮನಿಯಲ್ಲಿ ಇಳಿದ ಮೇಲೆ ವ್ಯಾನ್ ಆರಿಸಿದ್ದೂ ನಮ್ಮ ಮನೆಯವರೇ. ಟೆಕ್ಸಸ್‌ನ ಅಭ್ಯಾಸ ನೋಡಿ, ಅಲ್ಲಿದ್ದುದರಲ್ಲೇ ದೊಡ್ಡದನ್ನ ತಗೊಂಡರು. ನಾವು ಆರಿಸಿದ್ದ ಊರುಗಳೋ, ಕುದುರೆ ಗಾಡಿ ಕಾಲದವು.

ಒಂದೂರಲ್ಲಿ ಕೋಟೆ ಬಾಗಿಲು ದಾಟಿ ಓಣಿಗೆ ತಿರುಗಿದೆವು. ಮ್ಯಾಪ್ ನೇರ ಹೋಗು ಅಂತಿತ್ತು. ಓಣಿ ಮಾತ್ರ ಹೋಗ್ತಾ ಹೋಗ್ತಾ ಸಣ್ಣದಾಯಿತು. "ಅಪ್ಪಾ, ಸ್ಟಾಪ್!" ಅಂತ ಮಗಳು ಕೂಗೋ ಹೊತ್ತಿಗೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಧೈರ್ಯವಿಲ್ಲ, ಬಾಗಿಲು ತೆಗೆಯೋಕೂ ಜಾಗವಿಲ್ಲ.

ವೈನಿ ಕೂತಿದ್ದ ಕಿಟಕಿಗೆ ಸರಿಯಾಗಿ ಒಂದು ಮನೆಯ ಅಡುಗೆಮನೆ ಕಿಟಕಿ. ಒಳಗೆ ಒಬ್ಬ ಮುದುಕರು ತಿಂಡಿ ತಿನ್ನುತ್ತಿದ್ದರು. ಇಬ್ಬರ ಮಧ್ಯೆ ಒಂದು ಹೂವಿನ ಕುಂಡ, ಅಷ್ಟೇ.

"ನಮಸ್ಕಾರ್ರೀ" ಅಂದರು ವೈನಿ.

ಮುದುಕರು ಚಮಚ ಕೆಳಗಿಟ್ಟು ತಲೆಬಾಗಿದರು. ಉಣ್ಣೋರ ತಟ್ಟೆ ನೋಡ್ತಾ ಸುಮ್ಮನೆ ಕೂರೋದು ವೈನಿಗೆ ಸರಿ ಕಾಣಲಿಲ್ಲ. ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಕಿಟಕಿಯಲ್ಲೇ ಕೊಟ್ಟರು. ಆತ ನಿಧಾನವಾಗಿ ತಿಂದು, ಬಾಯಿ ಒರೆಸಿಕೊಂಡು, ಹಿಂದಿನ ಬಾಗಿಲಿಂದ ಸುತ್ತಿಕೊಂಡು ಬಂದರು. ವ್ಯಾನಿನ ಡಿಕ್ಕಿ ತೆಗೆದು, ಸೂಟ್‌ಕೇಸ್ ಮೇಲಿಂದ ಹತ್ತಿ, ಅತ್ತೆಗೆ ಕ್ಷಮಿಸಿ ಅಂತ ಕೈ ಮಾಡಿ ದಾಟಿಕೊಂಡು ಮುಂದೆ ಬಂದು, ನಮ್ಮ ಮನೆಯವರನ್ನ ಪಕ್ಕಕ್ಕೆ ಸರಿಸಿ ಡ್ರೈವರ್ ಸೀಟಲ್ಲಿ ಕೂತರು. ಕನ್ನಡಿಗಳನ್ನ ಮಡಿಸಿ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ವ್ಯಾನನ್ನ ಹಿಂದಕ್ಕೆ ತಂದು ನಿಲ್ಲಿಸಿದರು.

ಎಲ್ಲಿಯವರು ಅಂತ ಕೇಳಿದರು. ಟೆಕ್ಸಸ್ ಅಂದೆವು. ವ್ಯಾನನ್ನೊಮ್ಮೆ ನೋಡಿ, ನಮ್ಮ ಮನೆಯವರ ಭುಜ ತಟ್ಟಿ, "ಆಆ, ಟೆಕ್ಸಸ್" ಅಂದರು, ರೋಗ ಯಾವುದು ಅಂತ ಈಗ ಗೊತ್ತಾಯಿತು ಅನ್ನೋ ಹಾಗೆ.

ಹಿಂದಿನ ಸೀಟಿಂದ ಕೇಟಿ ಅಂಕಲ್ ಹೆಂಡತಿಗೆ ಹೇಳಿದರು: "ಇನ್ನೆರಡು ಹೋಳಿಗಿ ಕೊಡ. ಮುಂದಿನ ಊರಿಗೂ ಅವರ ಬರ್ಲಿ."

ಹೊಸ್ತಿಲ ಮುಂದೆ

ಕೊನೆಯ ಊರಲ್ಲಿ ನಾವಿದ್ದ ಮನೆಯ ಓನರ್ ಮೊದಲೇ ಹೆದರಿಸಿದ್ದ. ಪಕ್ಕದ ಮನೆ ಅಜ್ಜಿ ಬಹಳ ಸ್ಟ್ರಿಕ್ಟ್. ಹಿಂದೆ ಬಂದವರ ಮೇಲೆ ದೂರು ಕೊಟ್ಟು ಮಧ್ಯದಲ್ಲೇ ಖಾಲಿ ಮಾಡಿಸಿದ್ದರಂತೆ. ಬಾಗಿಲಿಗೆ ಒಂದು ಹಲಗೆ ತೂಗುಹಾಕಿತ್ತು. ಈ ವಾರ ಮುಂಬಾಗಿಲು ಗುಡಿಸೋ ಸರದಿ ಈ ಮನೆಯದು ಅಂತ ಅದರರ್ಥ.

ನಮಗೆಲ್ಲ ಭಯ. ಅತ್ತೆಯ ಮುಖ ಮಾತ್ರ ಅರಳಿತು. ಬಂದಾಗಿನಿಂದ ಅವರು, "ಹೂವು, ಕಲ್ಲು, ಎಷ್ಟೂಂತ ನೋಡೋದು? ಕೈಗೊಂದು ಕೆಲಸವಿಲ್ಲ" ಅಂತ ಗೊಣಗ್ತಿದ್ದರು.

ಮಾರನೇ ಬೆಳಿಗ್ಗೆ ನಾವು ಏಳೋ ಹೊತ್ತಿಗೆ ಬಾಗಿಲು ಗುಡಿಸಿ, ನೀರು ಹಾಕಿ, ಅಕ್ಕಿ ಹಿಟ್ಟಲ್ಲಿ ರಂಗೋಲಿ ಇಟ್ಟಾಗಿತ್ತು. ಪಕ್ಕದ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ನಾವು ಪರದೆ ಹಿಂದಿಂದ ಇಣುಕುತ್ತಿದ್ದೆವು. ಆಕೆ ಬಗ್ಗಿ ಮೆಟ್ಟಿಲ ಮೂಲೆಯಲ್ಲಿ ಬೆರಳಾಡಿಸಿದರು. ಬೆರಳು ನೋಡಿಕೊಂಡರು. ಏನೂ ಇಲ್ಲ. ಒಳಗೆ ಹೋದರು.

ಮರುದಿನ ಅತ್ತೆ ಏಳೋ ಮುಂಚೆಯೇ ಆಕೆಯ ಬಾಗಿಲು ಫಳಫಳ ಅಂತಿತ್ತು. "ಓಹೋ, ಹಿಂಗೋ" ಅಂದರು ಅತ್ತೆ. ಆಮೇಲೆ ಅತ್ತೆ ಕಿಟಕಿ ಒರೆಸಿದರೆ ಆಕೆ ಬಾಗಿಲ ಹಿತ್ತಾಳೆ ಹಿಡಿ ಉಜ್ಜಿದರು. ಅತ್ತೆ ವೈನಿಯ ಹತ್ತಿರ ಹುಣಸೆಹಣ್ಣು ತಗೊಂಡು ನಮ್ಮ ಬಾಗಿಲ ಹಿಡಿಯನ್ನ ಚಿನ್ನ ಮಾಡಿದರು. ಆಕೆ ಓಣಿಯ ಕಲ್ಲು ತೊಳೆದರು. ಎದುರು ಮನೆಯವರೂ ನಾಚಿ ಪೊರಕೆ ಹಿಡಿದರು. ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಊರು ನೋಡೋಕೆ ಕರೆದರೆ ಅತ್ತೆ, "ನೀವು ಹೋಗಿ ಬನ್ನಿ, ನಂಗೆ ಕೆಲಸ ಇದೆ" ಅಂತಿದ್ದರು.

ಹೊರಡೋ ದಿನ ಆಕೆ ಕೇಕ್ ಹಿಡಿದು ಬಂದು ಅತ್ತೆಯನ್ನ ತಬ್ಬಿಕೊಂಡರು. ಇಬ್ಬರ ಕಣ್ಣಲ್ಲೂ ನೀರು. ಜರ್ಮನ್‌ನಲ್ಲಿ ಉದ್ದಕ್ಕೆ ಏನೋ ಹೇಳಿದರು. ಮಗಳು ಫೋನ್ ಹಿಡಿದು ಅನುವಾದ ಓದಿ, ತುಟಿ ಕಚ್ಚಿಕೊಂಡಳು.

"ಏನಂತೆ?" ಅಂದರು ಅತ್ತೆ, ಕಣ್ಣೊರೆಸಿಕೊಂಡು. "ನಾನು ಹೋಗ್ತಿರೋದು ಬೇಜಾರಂತಾ?"

ಮಗಳು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: "ಇಲ್ಲ ಅಜ್ಜಿ. ದೇವರ ದಯೆ, ನೀವು ಹೋಗ್ತಾ ಇದೀರ, ನಾಳೆಯಿಂದ ನಾನು ಲೇಟಾಗಿ ಏಳ್ಬಹುದು ಅಂತಿದಾರೆ."

ಅತ್ತೆ ಆಕೆಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು:

"ನಂಗೂ ಸೊಂಟ ಬಿದ್ದೋಗಿದೆ ಅಂತ ಹೇಳು. ಈ ಮಹಾತಾಯಿ ನಿಲ್ಲಿಸ್ಲಿ, ಆಮೇಲೆ ನಾನೂ ನಿಲ್ಲಿಸೋಣ ಅಂತ ದಿನಾ ಕಾಯ್ತಿದ್ದೆ!"